ಬಹುಮಾನವಿಲ್ಲದವರ ಪಂದ್ಯ

ಹಾಫ್ ಮ್ಯಾರಥಾನ್ ಓಡಿ ಬಂದವರಿಗೆ ಮನೆಯಲ್ಲೂ ಕಚೇರಿಯಲ್ಲೂ ಮೊದಲು ಎದುರಾಗುವ ಪ್ರಶ್ನೆ, 'ಎಷ್ಟನೆಯವರಾಗಿ ಬಂದಿರಿ?' ಸಾವಿರಾರು ಜನರ ನಡುವೆ ಇನ್ನೂರನೆಯದೋ ಮುನ್ನೂರನೆಯದೋ ಸ್ಥಾನ ಎಂದರೆ ಎರಡನೆಯ ಪ್ರಶ್ನೆ ಬರುತ್ತದೆ: 'ಮತ್ತೆ ಅಷ್ಟೊಂದು ಒದ್ದಾಡಿಕೊಂಡು ಓಡೋದ್ಯಾಕೆ? ಆರೋಗ್ಯಕ್ಕೆ ಅಂತ ಆರಾಮಾಗಿ ಓಡಿದರೆ ಸಾಲದಾ?' ಕೇಳುವವರ ಕಾಳಜಿ ನಿಜವಾದದ್ದು. ಆದರೆ ಆ ಪ್ರಶ್ನೆಯ ತಳದಲ್ಲಿ ಒಂದು ನಂಬಿಕೆ ಕೂತಿದೆ. ಗೆಲ್ಲಬಲ್ಲವರು ಮಾತ್ರ ಸ್ಪರ್ಧಿಸಬೇಕು, ಉಳಿದವರಿಗೆ ವ್ಯಾಯಾಮ ಸಾಕು ಎಂಬ ನಂಬಿಕೆ ಅದು. ನನಗೆ ಅದು ಒಪ್ಪಿಗೆಯಿಲ್ಲ. ಗೆಲ್ಲಲಾರದವರು ಪೂರ್ತಿ ಮನಸ್ಸಿಟ್ಟು ಸ್ಪರ್ಧಿಸುವುದಕ್ಕೆ ಅದರದೇ ಆದ ಬೆಲೆಯಿದೆ, ಮತ್ತು ಆ ಬೆಲೆ ಆರೋಗ್ಯದ ಲೆಕ್ಕದಲ್ಲಿ ಸಿಗುವಂಥದ್ದಲ್ಲ.

ಗೆಲ್ಲುವವರಿಗೂ ನಮಗೂ ಇರುವ ಅಂತರವನ್ನು ಮೊದಲೇ ಒಪ್ಪಿಕೊಂಡುಬಿಡೋಣ. 2020ರಲ್ಲಿ ದೆಹಲಿಯಲ್ಲಿ ಅವಿನಾಶ್ ಸಾಬ್ಳೆ 1 ಗಂಟೆ 30 ಸೆಕೆಂಡಿನಲ್ಲಿ ಹಾಫ್ ಮ್ಯಾರಥಾನ್ ಮುಗಿಸಿ ರಾಷ್ಟ್ರೀಯ ದಾಖಲೆ ಬರೆದರು. ಅಂದರೆ ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡ್. ಮರುವರ್ಷ ವೆಲೆನ್ಸಿಯಾದಲ್ಲಿ ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೇ 1 ಗಂಟೆ 2 ನಿಮಿಷ 52 ಸೆಕೆಂಡಿನಲ್ಲಿ ಓಡಿದರು. ಕೆಲಸಕ್ಕೆ ಹೋಗಿಬಂದು ಅಭ್ಯಾಸ ಮಾಡುವ ನನ್ನಂಥವರಿಗೆ 1 ಗಂಟೆ 35 ನಿಮಿಷ ಒಳ್ಳೆಯ ಗುರಿ. ಕಿಲೋಮೀಟರಿಗೆ ನಾಲ್ಕೂವರೆ ನಿಮಿಷದ ವೇಗ ಅದು. ಸಾಬ್ಳೆ ಗುರಿ ಮುಟ್ಟುವ ಹೊತ್ತಿಗೆ ಈ ವೇಗದವರು ಹದಿಮೂರೂವರೆ ಕಿಲೋಮೀಟರಿನ ಹತ್ತಿರ ಇರುತ್ತಾರೆ. ಎಷ್ಟು ಬೆವರು ಸುರಿಸಿದರೂ ಮುಚ್ಚುವ ಕಂದಕವಲ್ಲ ಇದು.

ಹಾಗಿದ್ದೂ ಈ ದೂರ ನಮ್ಮಂಥವರದೇ ಆಗಿಬಿಟ್ಟಿದೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ಓಡಿದ 42.195 ಕಿಲೋಮೀಟರೇ 1921ರಲ್ಲಿ ಮ್ಯಾರಥಾನಿನ ಅಧಿಕೃತ ದೂರವಾಯಿತು. ಅದರ ಅರ್ಧ, 21.0975 ಕಿಲೋಮೀಟರ್, ಒಲಿಂಪಿಕ್ಸ್‌ನಲ್ಲಿ ಇಲ್ಲವೇ ಇಲ್ಲ. ಅದನ್ನು ಬೆಳೆಸಿದ್ದು ಸಾಮಾನ್ಯರು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬ್ರೆಂಡನ್ ಫಾಸ್ಟರ್ 1981ರಲ್ಲಿ ಶುರುಮಾಡಿದ ಗ್ರೇಟ್ ನಾರ್ತ್ ರನ್ ಈಗ ಹತ್ತಾರು ಸಾವಿರ ಜನ ಓಡುವ ಹಬ್ಬ. ನಮ್ಮಲ್ಲಿ ದೆಹಲಿಯ ಹಾಫ್ ಮ್ಯಾರಥಾನ್ 2005ರಲ್ಲಿ ಆರಂಭವಾಯಿತು. ಬೆಂಗಳೂರಿಗೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪಾದ ಮುಂಜಾವು ದಕ್ಕಿದೆ; ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋದರೆ ಸಾಕು, ಈ ದೂರಕ್ಕೆ ತಯಾರಾಗುತ್ತಿರುವವರು ಗುಂಪುಗುಂಪಾಗಿ ಸಿಗುತ್ತಾರೆ. ಅದೇ ಜನ ಮಂಗಳೂರಿನ ಕಡೆ ಹೋಗಿ ಓಡಿದರೆ ಅದೇ ವೇಗ ಸಿಗುವುದಿಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ.

ಈ ದೂರಕ್ಕೆ ಒಂದು ವಿಶೇಷ ಗುಣವಿದೆ. ಪೂರ್ತಿ ಮ್ಯಾರಥಾನಿನಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಮುಗಿಯುತ್ತ ಬಂದು ಓಟಗಾರ ನಿಂತುಬಿಡಬಹುದು. ಒಂದೂವರೆ ಗಂಟೆಯ ಹಾಫ್‌ನಲ್ಲಿ ಸರಿಯಾಗಿ ಉಂಡು ಬಂದವರಿಗೆ ಆ ದಾಸ್ತಾನು ಸಾಮಾನ್ಯವಾಗಿ ಸಾಕಾಗುತ್ತದೆ. ಇಲ್ಲಿ ಪ್ರಶ್ನೆ ವೇಗದ್ದು. ರಕ್ತದಲ್ಲಿ ಲ್ಯಾಕ್ಟೇಟ್ ಒಂದೇ ಸಮನೆ ಏರತೊಡಗುವ ಒಂದು ಹೊಸ್ತಿಲು ಇರುತ್ತದೆ. ಹಾಫ್ ಓಡುವವರು ಅದರ ತೀರ ಹತ್ತಿರ, ಆದರೆ ದಾಟದಂತೆ, ಇಡೀ ದೂರವನ್ನು ಕಳೆಯಬೇಕು. ಮೊದಲ ಐದು ಕಿಲೋಮೀಟರಿನಲ್ಲಿ ಕಾಲು ಹಗುರವಾಗಿರುತ್ತದೆ, ಸುತ್ತ ಜನ, ಬ್ಯಾಂಡು, ಚಪ್ಪಾಳೆ. ಆಗ ಕಿಲೋಮೀಟರಿಗೆ ಹತ್ತು ಸೆಕೆಂಡ್ ಬೇಗ ಓಡುವುದು ಏನೇನೂ ಅನ್ನಿಸುವುದಿಲ್ಲ. ಅದರ ಲೆಕ್ಕ ತೀರುವುದು ಹದಿನಾರರ ಮೇಲೆ.

ಹದಿನಾರರಿಂದ ಹತ್ತೊಂಬತ್ತರವರೆಗಿನ ಹಾದಿಯಲ್ಲಿ ಹುರಿದುಂಬಿಸುವವರು ಕಡಿಮೆ. ಬಿಸಿಲೇರಿರುತ್ತದೆ. ನೀರಿನ ಮೇಜಿನ ಬಳಿ ತುಳಿದು ಚಪ್ಪಟೆಯಾದ ಕಾಗದದ ಲೋಟಗಳು ಕಾಲಿಗಂಟುತ್ತವೆ. ಇಂಥ ಒಂದು ಹಾದಿಯಲ್ಲಿ ಒಮ್ಮೆ ನನ್ನ ವೇಗ ಜಾರುತ್ತಿತ್ತು. ಗಡಿಯಾರ ನೋಡುವ ಧೈರ್ಯವೂ ಉಳಿದಿರಲಿಲ್ಲ. ಹಿಂದಿನಿಂದ ಹೆಜ್ಜೆಯ ಸಪ್ಪಳ ಕೇಳಿಸಿತು. ನನಗಿಂತ ಹತ್ತು ವರ್ಷವಾದರೂ ಹಿರಿಯರಿರಬಹುದಾದ ಹೆಂಗಸೊಬ್ಬರು ಪಕ್ಕಕ್ಕೆ ಬಂದರು. ಗಿಡ್ಡ ಹೆಜ್ಜೆ, ಬೇಗಬೇಗ, ಭುಜ ಅಲುಗದ ಓಟ. 'ಬನ್ನಿ ಸರ್, ಬಿಡಬೇಡಿ, ಇನ್ನು ನಾಲ್ಕೇ' ಎಂದರು. ಅಷ್ಟೇ ಮಾತು. ಮುಂದಿನ ಎರಡು ಕಿಲೋಮೀಟರ್ ಅವರ ಭುಜದ ಪಕ್ಕದಲ್ಲಿ ನನ್ನ ಭುಜ ಇರಬೇಕೆಂಬುದೊಂದೇ ತಲೆಯಲ್ಲಿತ್ತು. ಫ್ಲೈಓವರಿನ ಏರು ಬಂದಾಗ ಅವರು ವೇಗ ಹೆಚ್ಚಿಸಿದರು, ಸ್ವಲ್ಪವೂ ದಾಕ್ಷಿಣ್ಯವಿಲ್ಲದೆ. ನಾನು ಹಿಂದುಳಿದೆ. ಆದರೂ ಒಬ್ಬನೇ ಇದ್ದಿದ್ದರೆ ಆ ಎರಡು ಕಿಲೋಮೀಟರನ್ನು ಆ ವೇಗದಲ್ಲಿ ಓಡುತ್ತಿರಲಿಲ್ಲ ಎಂಬುದು ನನಗೆ ಖಚಿತ.

ಆದ್ದರಿಂದಲೇ ಓಟಗಾರರು ಆಗಾಗ ಹೇಳುವ 'ನನ್ನ ಸ್ಪರ್ಧೆ ನನ್ನ ಜತೆಗೆ ಮಾತ್ರ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇಳುವುದಕ್ಕೆ ವಿನಯದ ಮಾತು ಅದು. ಆದರೆ ನಿಜವಾಗಿಯೂ ನನ್ನ ಜತೆಗೆ ಮಾತ್ರ ಎಂದಾದರೆ ಶುಲ್ಕ ಕಟ್ಟಿ, ಬಿಬ್ ಧರಿಸಿ, ನಸುಕಿಗೆ ಮುಂಚೆ ಎದ್ದು ಸಾವಿರಾರು ಜನರ ನಡುವೆ ನಿಲ್ಲುವುದೇಕೆ? ಕಂಠೀರವ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿ ಒಬ್ಬರೇ ಸುತ್ತು ಹಾಕಿದರೆ ಸಾಲದೇ? ಸಾಲದು. ಅಭ್ಯಾಸದಲ್ಲಿ ಎಂದೂ ಸಿಗದ ವೇಗ ಪಂದ್ಯದಲ್ಲಿ ಸಿಗುವುದನ್ನು ಓಡಿದವರೆಲ್ಲ ಬಲ್ಲರು. ನನ್ನನ್ನು ಹಿಂದೆ ಹಾಕಲು ಯತ್ನಿಸುವವರು ನನಗೆ ಉಪಕಾರ ಮಾಡುತ್ತಿದ್ದಾರೆ. ಅವರು ಸೌಜನ್ಯಕ್ಕೆಂದು ವೇಗ ತಗ್ಗಿಸಿದರೆ ಆ ಉಪಕಾರವೇ ಇಲ್ಲವಾಗುತ್ತದೆ. ಎದುರಾಳಿಯನ್ನು ಗೌರವಿಸುವುದೆಂದರೆ ಅವರ ವಿರುದ್ಧ ಪೂರ್ತಿ ಶಕ್ತಿ ಹಾಕಿ ಓಡುವುದು. ಇದು ಮೊದಲ ಸ್ಥಾನಕ್ಕೆ ಎಷ್ಟು ನಿಜವೋ ಮುನ್ನೂರನೆಯ ಸ್ಥಾನಕ್ಕೂ ಅಷ್ಟೇ ನಿಜ.

ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಇದು ಇನ್ನೂ ದೊಡ್ಡದು. ಶಾಲೆ ಬಿಟ್ಟ ಮೇಲೆ ನಮ್ಮ ಶ್ರಮವನ್ನು ನೇರವಾಗಿ ಅಳೆಯುವ ಜಾಗಗಳು ಬಹಳ ಕಡಿಮೆಯಾಗುತ್ತವೆ. ಕೆಲಸದಲ್ಲಿ ಬಡ್ತಿ ಸಿಗುವುದರಲ್ಲಿ ಯೋಗ್ಯತೆಯ ಪಾಲೆಷ್ಟು, ಪರಿಚಯದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ಓಟದ ದಿನ ಬಿಬ್‌ನ ಹಿಂದಿರುವ ಚಿಪ್ ಆರಂಭದ ಚಾಪೆ ದಾಟಿದಾಗ ಎಣಿಕೆ ಶುರು, ಕೊನೆಯ ಚಾಪೆ ದಾಟಿದಾಗ ಮುಕ್ತಾಯ. ನಡುವಿನ ಚಾಪೆಗಳು ಎಲ್ಲಿ ಅವಸರಪಟ್ಟೆವು, ಎಲ್ಲಿ ಕೈಬಿಟ್ಟೆವು ಎಂಬುದನ್ನೂ ದಾಖಲಿಸುತ್ತವೆ. ಯಾರ ಮಗ, ಯಾವ ಹುದ್ದೆ ಎಂದು ಅವು ಕೇಳುವುದಿಲ್ಲ. ಬೆಳೆದು ದೊಡ್ಡವರಾದ ಮೇಲೂ ಹೀಗೆ ನಿಷ್ಪಕ್ಷಪಾತವಾಗಿ ಅಳೆಯಿಸಿಕೊಳ್ಳುವ ಅವಕಾಶ ಎಲ್ಲರಿಗೂ ಇರಬೇಕು.

ಆರಂಭದ ಚಾಪೆಗಿಂತ ಮುಂಚಿನದ್ದೆಲ್ಲ ನ್ಯಾಯವಾಗಿದೆ ಎಂದು ಮಾತ್ರ ಇದರ ಅರ್ಥವಲ್ಲ. ಹವ್ಯಾಸಿ ಕ್ರೀಡೆಯ ಚರಿತ್ರೆಯೇ ಬಾಗಿಲು ಹಾಕಿದ ಚರಿತ್ರೆ. 1912ರಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಜಿಮ್ ಥೋರ್ಪ್, ಹಿಂದೆ ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದರೆಂದು ಮರುವರ್ಷವೇ ಪದಕ ಕಳೆದುಕೊಂಡರು. ಒಂಬತ್ತು ಒಲಿಂಪಿಕ್ ಚಿನ್ನಗಳ ಒಡೆಯ ಪಾವೊ ನುರ್ಮಿಯನ್ನು ಹಣ ಪಡೆದ ಆರೋಪದ ಮೇಲೆ 1932ರ ಒಲಿಂಪಿಕ್ಸಿನಿಂದ ಹೊರಗಿಟ್ಟರು. ಸಂಬಳವಿಲ್ಲದೆ ಆಡುವುದು ಉಳ್ಳವರಿಗಷ್ಟೇ ಸುಲಭ. ಹಣ ಪಡೆಯಬಾರದೆಂಬ ಆ ನಿಯಮದ ಪೆಟ್ಟು ಬಿದ್ದದ್ದು ಇಲ್ಲದವರಿಗೆ. ಇಂದು ಬಾಗಿಲು ಬೇರೆ ರೂಪದಲ್ಲಿದೆ. ಪ್ರವೇಶ ಶುಲ್ಕವಿದೆ. 2017ರಿಂದ ಮಾರುಕಟ್ಟೆಗೆ ಬಂದ, ದಪ್ಪ ಫೋಮಿನೊಳಗೆ ಕಾರ್ಬನ್ ಪಟ್ಟಿ ಕೂರಿಸಿದ ಬೂಟುಗಳಿವೆ. ಅವು ನಿಜವಾಗಿಯೂ ವೇಗ ಹೆಚ್ಚಿಸಿದ್ದರಿಂದಲೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ರಸ್ತೆ ಓಟದ ಬೂಟಿನ ಅಡಿಯ ದಪ್ಪ 40 ಮಿಲಿಮೀಟರ್ ಮೀರಬಾರದೆಂದು ನಿಯಮ ಮಾಡಬೇಕಾಯಿತು. ಅದಕ್ಕೂ ದೊಡ್ಡ ಅಸಮಾನತೆ ನಸುಕಿನದು. ನಾಲ್ಕೂವರೆಗೆ ಎದ್ದು ಒಬ್ಬನೇ ಬೀದಿಗಿಳಿಯಲು ನಾನು ಎರಡು ಸಲ ಯೋಚಿಸಬೇಕಿಲ್ಲ. ನನ್ನ ಜತೆ ಓಡುವ ಹೆಣ್ಣುಮಕ್ಕಳು ಯೋಚಿಸುತ್ತಾರೆ, ದೀಪವಿರುವ ರಸ್ತೆ ಹುಡುಕುತ್ತಾರೆ, ಜತೆಗಾರರು ಬರುವವರೆಗೆ ಕಾಯುತ್ತಾರೆ. ಇದನ್ನೆಲ್ಲ ಕಂಡು ಸ್ಪರ್ಧೆಯೇ ಬೇಡ ಎನ್ನುವುದು ಪರಿಹಾರವಲ್ಲ. ಬಾಗಿಲು ತೆರೆಯಬೇಕು, ಬೀದಿದೀಪ ಉರಿಯಬೇಕು.

ಮೈಗೆ ಅಪಾಯವಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಜ್ವರವಿದ್ದಾಗ ಓಡುವುದು, ಎದೆನೋವನ್ನು ಕಡೆಗಣಿಸುವುದು, ನೋಯುವ ಮೊಣಕಾಲಿಗೆ ಮಾತ್ರೆ ನುಂಗಿ ಸಾಲಿನಲ್ಲಿ ನಿಲ್ಲುವುದು ಶೌರ್ಯವಲ್ಲ, ಹಾಗೆ ಮಾಡುವವರನ್ನು ಹೊಗಳಬಾರದು. ಆದರೆ ಚೆನ್ನಾಗಿ ಸ್ಪರ್ಧಿಸಬೇಕೆನ್ನುವವರೇ ಮೈಯ ಮಾತನ್ನು ಹೆಚ್ಚು ಕೇಳಿಸಿಕೊಳ್ಳುವುದನ್ನೂ ನಾನು ಕಂಡಿದ್ದೇನೆ. ನಿದ್ದೆ, ಊಟ, ವಿಶ್ರಾಂತಿಯ ದಿನ ಎಲ್ಲಕ್ಕೂ ಅವರಲ್ಲಿ ಲೆಕ್ಕವಿರುತ್ತದೆ. ವಯಸ್ಸಾದ ಮೇಲೂ ಆಟ ಮುಗಿಯುವುದಿಲ್ಲ. ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್‌ನವರ ವಯೋಮಾನ ಪಟ್ಟಿ ಪ್ರತಿ ವಯಸ್ಸಿನ ಅತ್ಯುತ್ತಮ ಮಟ್ಟಕ್ಕೆ ಹೋಲಿಸಿ ನಮ್ಮ ಓಟ ಶೇಕಡಾ ಎಷ್ಟು ಎಂದು ಹೇಳುತ್ತದೆ. ಅರವತ್ತರ ತಾಯಿ ಮೂವತ್ತರ ಮಗನಿಗಿಂತ ನಿಧಾನವಾಗಿ ಓಡಿಯೂ ಆ ಪಟ್ಟಿಯಲ್ಲಿ ಅವನನ್ನು ಸೋಲಿಸಬಹುದು. ಆದರೆ ಇಲ್ಲಿ ಎಷ್ಟೋ ಓಟಗಳ ಫಲಿತಾಂಶದಲ್ಲಿ ಐವತ್ತು ದಾಟಿದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ.

ನಾನು ಆಯೋಜಕರಲ್ಲಿ ಕೇಳುವುದು ಹೆಚ್ಚೇನಲ್ಲ. ಟೀ ಶರ್ಟಿನ ಬಣ್ಣ, ಪದಕದ ತೂಕ ಹೇಗಾದರೂ ಇರಲಿ, ರಸ್ತೆಯನ್ನು ಸರಿಯಾಗಿ ಅಳೆಯಿರಿ. ಅದಕ್ಕೆ ಜಗತ್ತು ಒಪ್ಪಿದ ಕ್ರಮವಿದೆ: ಸೈಕಲ್ಲಿನ ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಜೋನ್ಸ್ ಕೌಂಟರ್ ಕಟ್ಟಿ, ಉಕ್ಕಿನ ಟೇಪಿನಿಂದ ಅಳೆದ ದೂರದ ಮೇಲೆ ಅದನ್ನು ತಾಳೆ ನೋಡಿ, ತಿರುವುಗಳಲ್ಲಿ ರಸ್ತೆಯಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅತ್ಯಂತ ಹತ್ತಿರದ ದಾರಿಯಲ್ಲಿ ತುಳಿಯುವುದು, ಕೊನೆಗೆ ಸಾವಿರಕ್ಕೆ ಒಂದು ಮೀಟರಿನಂತೆ ಕೂಡಿಸುವುದು. ಹಾಫ್‌ಗೆ ಅದು ಸುಮಾರು 21 ಮೀಟರ್ ಆಗುತ್ತದೆ. ನಮ್ಮ ಕೈಗಡಿಯಾರ ಕೊನೆಯಲ್ಲಿ 21.3 ತೋರಿಸಿದರೆ ತಿರುವುಗಳಲ್ಲಿ ನಾವೇ ಅಗಲಕ್ಕೆ ಓಡಿರಬಹುದು, ಅದಕ್ಕೆ ತಕರಾರಿಲ್ಲ. ಆದರೆ ಹಾಫ್ ಎಂದು ಹೆಸರಿಟ್ಟ ಓಟವೊಂದರಲ್ಲಿ ನನ್ನ ಜತೆ ಓಡಿದವರೆಲ್ಲರ ಗಡಿಯಾರವೂ 20.6ರ ಆಸುಪಾಸಿನಲ್ಲೇ ನಿಂತಿತ್ತು. ಕೇಳಿದಾಗ ಸಿಕ್ಕ ಉತ್ತರ: 'ನೀವೇನು ಒಲಿಂಪಿಕ್ಸಿಗೆ ಹೋಗಬೇಕಾ ಸರ್?' ತಿಂಗಳುಗಟ್ಟಲೆ ಬೆಳಗಿನ ನಿದ್ದೆ ಬಿಟ್ಟು ಒಂದು ನಿಮಿಷ ಕಡಿತಗೊಳಿಸಲು ದುಡಿದವರು ಅಲ್ಲಿ ನೂರಾರು ಜನರಿದ್ದರು. ಅವರ ಆ ದಿನದ ಸಮಯವನ್ನು ಯಾವ ಹಿಂದಿನ ಓಟದ ಜತೆಗೂ ಇಟ್ಟು ನೋಡುವಂತಿರಲಿಲ್ಲ.