ಹಾಡು ಊರಿನದು, ಬೀಗ ಯಾರದು?

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಎರಡು ತಿಂಗಳ ಮೊದಲಷ್ಟೇ ಅದೇ ತಾಲೂಕಿನ, ಅದೇ ಹಾಲಕ್ಕಿ ಒಕ್ಕಲಿಗರ ತುಳಸಿ ಗೌಡ ಹೋಗಿದ್ದರು. ತುಳಸಜ್ಜಿ ನೆಟ್ಟ ಮರಗಳು ನಿಂತಿವೆ, ಯಾರು ಬೇಕಾದರೂ ನೆರಳಿಗೆ ಹೋಗಿ ಕೂರಬಹುದು. ಸುಕ್ರಜ್ಜಿ ಹಾಡಿದ ಹಾಡು ಕೇಳಬೇಕೆಂದರೆ ಎಲ್ಲಿಗೆ ಹೋಗಬೇಕು ಮಾರಾಯ್ರೇ?

ಮದುವೆಯ ಹಾಡು, ನಾಟಿಯ ಹಾಡು, ಸುಗ್ಗಿಯ ಹಾಡು ಅಂತ ಸಾವಿರಾರು ಹಾಡು ಆ ಅಜ್ಜಿಯ ಬಾಯಲ್ಲಿದ್ದವು. ಅಕ್ಷರ ಬಾರದ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು. ಆಕಾಶವಾಣಿ ಮತ್ತು ಜಾನಪದ ಅಕಾಡೆಮಿಯವರು ಅವರ ಹಾಡನ್ನು ಧ್ವನಿಮುದ್ರಣ ಮಾಡಿದರು. ಒಳ್ಳೆಯ ಕೆಲಸ, ಇಲ್ಲ ಅನ್ನುವವರಾರು? ಅವರಿಗಿಂತ ಮೊದಲೇ ಎಲ್.ಆರ್. ಹೆಗಡೆ, ಎನ್.ಆರ್. ನಾಯಕ, ಶಾಂತಿ ನಾಯಕರಂಥವರು ಈ ಜಿಲ್ಲೆಯ ಕೇರಿ ಕೊಪ್ಪ ತಿರುಗಿ ಹಾಡು, ಕತೆ ಬರೆದುಕೊಂಡು ಪುಸ್ತಕ ಮಾಡಿದ್ದಾರೆ.

ಆದರೆ ಹಾಡು ಹಿಡಿದಿಟ್ಟದ್ದು ಕಪಾಟಿನಲ್ಲಿ ಇಡಲಿಕ್ಕಾ? ಬಡಗೇರಿಯ ಹುಡುಗಿಗೆ ತನ್ನ ಅಜ್ಜಿಯ ಕಾಲದ ಸೋಬಾನೆ ಕಲಿಯಬೇಕೆಂದರೆ ಯಾವ ಕಚೇರಿಗೆ ಅರ್ಜಿ ಹಾಕಬೇಕು? ಮೊಬೈಲಿನಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ತುಂಡು ಸಿಗುತ್ತದೆ. ಹಾಡಿದವರ ಹೆಸರಿಲ್ಲ, ಊರಿಲ್ಲ, ಯಾವ ಸಂದರ್ಭದ ಹಾಡು ಎಂಬುದೂ ಇಲ್ಲ.

ಕಾನೂನು ಅಡ್ಡ ಬರ್ತದೆ ಎಂದು ಹೇಳುವವರಿದ್ದಾರೆ. ಕಾನೂನು ಹೇಳುವುದೇ ಬೇರೆ. ತಲೆಮಾರಿನಿಂದ ಬಾಯಿಂದ ಬಾಯಿಗೆ ಬಂದ, ಕರ್ತೃವೇ ಗೊತ್ತಿಲ್ಲದ ಹಾಡಿಗೆ ಯಾರೂ ಯಜಮಾನರಲ್ಲ. ಯಾರು ಬೇಕಾದರೂ ಹಾಡಬಹುದು. ಧ್ವನಿಮುದ್ರಣಕ್ಕೆ ಮಾತ್ರ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹಾಗಾದರೆ ಸರ್ಕಾರದ ಸಂಸ್ಥೆ ಜನರ ದುಡ್ಡಿನಲ್ಲಿ ಮಾಡಿದ ಧ್ವನಿಮುದ್ರಣವನ್ನು ಜನರ ಮುಂದೆ ಬಿಚ್ಚಲು ಬೇಕಾದದ್ದು ಒಂದು ಆದೇಶ, ಒಂದಿಷ್ಟು ಮನಸ್ಸು.

ಹಾಗಂತ ಬಿಟ್ಟಿ ಕೇಳುವುದು ಬೇರೆ, ಹಾಡುವವರನ್ನು ಬಿಟ್ಟಿ ದುಡಿಸುವುದು ಬೇರೆ. ಉತ್ಸವದ ವೇದಿಕೆಗೆ ತಂಡ ಕರೆಸಿ, ಶಾಲು ಹೊದಿಸಿ, ಬಸ್ ಚಾರ್ಜಿಗೂ ಸಾಲದಷ್ಟು ಕೊಟ್ಟು ಕಳಿಸುವ ಚಾಳಿ ನಿಲ್ಲಬೇಕು. ಹಾಡಿನಿಂದ ವ್ಯಾಪಾರ ಮಾಡುವವರು ಹಾಡಿದವರಿಗೂ ಪಾಲು ಕೊಡಬೇಕೆಂದು 2012ರ ತಿದ್ದುಪಡಿಯೇ ಹೇಳಿದೆ. ಸುಗ್ಗಿಯ ಕಟ್ಟುಪಾಡು, ದೇವರ ಕಾರ್ಯದ ಹಾಡು ಇವುಗಳಲ್ಲಿ ಯಾವುದನ್ನು ಹೊರಗಿಡಬಹುದು, ಯಾವುದು ಬೇಡ ಎಂಬುದನ್ನು ಊರಗೌಡರು, ಬುದವಂತರು, ಹಾಡುವ ಹೆಂಗಸರು ಕೂತು ಹೇಳಲಿ. ಅವರನ್ನು ಕೇಳದೆ ಎತ್ತಿಕೊಂಡು ಹೋಗುವುದಕ್ಕೆ ಮುಕ್ತ ಅನ್ನುವುದಿಲ್ಲ, ಕಳವು ಅನ್ನುತ್ತಾರೆ.

ಸಂಪ್ರದಾಯ ಬದಲಾದರೆ ಸಾಯುತ್ತದೆ ಎಂಬ ಹೆದರಿಕೆಯೂ ಬೇಡ. ಗುಮಟೆಯ ಮಡಕೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಬೇರೆ ಚರ್ಮ ಹಾಕಿಕೊಂಡೂ ಗುಮಟೆ ನುಡಿಯುತ್ತದೆ. ಕೇಳುವ ಕಿವಿಯೇ ಇಲ್ಲವಾದರೆ ಯಾವ ಚರ್ಮ ಹಾಕಿದರೂ ನುಡಿಯದು.

ಕೆಲಸ ದೊಡ್ಡದೇನಲ್ಲ. ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಬೋರ್ಡು ಬಿದ್ದಿದೆ, ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಆ ಧ್ವನಿಮುದ್ರಣಗಳ ಒಂದೊಂದು ಪ್ರತಿ ಅಲ್ಲಿಗೆ ಬರಲಿ. ಹಾಡಿದವರ ಹೆಸರು, ಊರು, ಸಂದರ್ಭ ಸಹಿತ ಬರಲಿ. ಅದೇ ಮೊಬೈಲಿನಲ್ಲೂ ಪುಕ್ಕಟೆ ಸಿಗಲಿ. ಪಟ್ಟಣದ ಅಂಗಡಿಕಾರರು ಆಸ್ತಿ ತೆರಿಗೆಯ ಜೊತೆಗೆ 1965ರ ಕಾಯ್ದೆಯ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಆ ದುಡ್ಡಿಗೆ ನಮ್ಮೂರ ಹಾಡು ಎಲ್ಲಿ ಅಂತ ಕೇಳುವ ಹಕ್ಕು ಅವರಿಗೂ ಇದೆ.

ಸುಕ್ರಜ್ಜಿ ಯಾರಿಗೂ ಟಿಕೆಟ್ ಹರಿದು ಹಾಡು ಕಲಿಸಲಿಲ್ಲ. ಬಂದವರಿಗೆಲ್ಲ ಹಾಡಿ ತೋರಿಸಿದರು. ಇಲಾಖೆಯವರು ಅಷ್ಟು ಉದಾರಿಗಳಾಗುವುದು ಬೇಡ, ಕಪಾಟಿನ ಕೀಲಿ ಹುಡುಕಿದರೆ ಸಾಕು.