ಕಾರಿನ ದೀರ್ಘಾವಧಿ ನಿರ್ವಹಣಾ ಯೋಜನೆ: ಆಸರೆಯೋ, ಹೊರೆಯೋ?

ಕಾರನ್ನು ಕೊಳ್ಳುವುದು ಒಂದು ದಿನದ ಸಂಭ್ರಮ. ಅದನ್ನು ಸಾಕುವುದು ಹತ್ತು ವರ್ಷಗಳ ಜವಾಬ್ದಾರಿ. ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿರುವ ನಮ್ಮಂಥ ಸಂಬಳದಾರರಿಗೆ ಕಾರು ಇಂದು ಕೇವಲ ಭೋಗವಸ್ತುವಲ್ಲ. ಹಬ್ಬಕ್ಕೆ, ಮದುವೆಗೆ, ಊರಿನಲ್ಲಿ ಹಿರಿಯರು ಹಾಸಿಗೆ ಹಿಡಿದರೆಂಬ ಸುದ್ದಿ ಬಂದ ರಾತ್ರಿಗೆ ಅದೇ ಆಸರೆ. ಆದುದರಿಂದಲೇ, ಹೊಸ ಕಾರಿನ ಕಾಗದಗಳಿಗೆ ಸಹಿ ಹಾಕುವ ವೇಳೆಯಲ್ಲಿ ಮಾರಾಟ ಪ್ರತಿನಿಧಿಯು “ಇನ್ನೂ ಮೂವತ್ತಾರು ಸಾವಿರ ಕೊಟ್ಟರೆ ಐದು ವರ್ಷ ನಿಮಗೆ ಚಿಂತೆಯೇ ಇಲ್ಲ” ಎಂದಾಗ ನಾವು ಬಹುಬೇಗನೆ ಒಪ್ಪಿಬಿಡುತ್ತೇವೆ. ಈ ನಿಶ್ಚಿಂತೆಗೆ ಅಷ್ಟು ಬೆಲೆ ನ್ಯಾಯವೇ ಎಂಬುದನ್ನು ವಿಚಾರ ಮಾಡುವುದು ಅವಶ್ಯ.

ಮೊದಲಿಗೆ ಗಮನಿಸಬೇಕಾದುದೆಂದರೆ, ಒಂದೇ ಹೆಸರಿನಡಿಯಲ್ಲಿ ಎರಡು ಬೇರೆ ಬೇರೆ ಸರಕುಗಳನ್ನು ಮಾರಲಾಗುತ್ತಿದೆ. ಮೊದಲನೆಯದು ಮುಂಗಡ ಸರ್ವೀಸ್ ಯೋಜನೆ: ಎಂಜಿನ್ ಆಯಿಲ್, ಫಿಲ್ಟರ್ ಮುಂತಾದ ನಿಯತ ಬದಲಾವಣೆಗಳಿಗೂ ಕೂಲಿಗೂ ಮೊದಲೇ ಹಣ ಕಟ್ಟುವುದು. ಎರಡನೆಯದು ವಾರಂಟಿಯ ವಿಸ್ತರಣೆ: ಮೂಲ ವಾರಂಟಿ ಮುಗಿದ ಮೇಲೆ ಎಂಜಿನ್, ಗೇರ್‌ಬಾಕ್ಸ್, ವಿದ್ಯುನ್ಮಾನ ಭಾಗಗಳು ಕೆಟ್ಟರೆ ಅವುಗಳ ದುರಸ್ತಿಯ ಭಾರವನ್ನು ಇನ್ನೊಬ್ಬರ ಮೇಲೆ ಹಾಕುವುದು. ಎರಡರ ಮೇಲೂ ಶೇಕಡಾ 18ರಷ್ಟು ಜಿ.ಎಸ್.ಟಿ. ಇದೆ. ಇವೆರಡನ್ನೂ ಬೇರ್ಪಡಿಸಿ ಬೆಲೆ ಕೇಳಿದ ಹೊರತು ಯಾವ ಲೆಕ್ಕವೂ ಸಾಧ್ಯವಿಲ್ಲ.

ವಾಣಿಜ್ಯಶಾಸ್ತ್ರದ ಒಂದು ಸರಳ ತತ್ತ್ವವು ಇಲ್ಲಿ ದಾರಿ ತೋರಿಸುತ್ತದೆ. ಬಂದೇ ಬರುವ ಸಣ್ಣ ಖರ್ಚಿಗೆ ಉಳಿತಾಯವೇ ತಕ್ಕ ಉಪಾಯ. ಬಂದರೆ ತಡೆದುಕೊಳ್ಳಲಾಗದ ದೊಡ್ಡ ಖರ್ಚಿಗೆ ಮಾತ್ರ ರಕ್ಷಣೆಯನ್ನು ಕೊಳ್ಳಬೇಕು. ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆಂಬುದು ಅನಿಶ್ಚಿತವೇನಲ್ಲ. ಅದಕ್ಕೆ ಐದು ವರ್ಷ ಮುಂಚಿತವಾಗಿ ಹಣ ಕೊಡುವುದೆಂದರೆ ಕಂಪನಿಗೆ ನಾವೇ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ಮುಂದೆ ಏರಬಹುದಾದ ದರಗಳಿಂದ ಪಾರಾಗುವ ಲಾಭವೊಂದು ಅದರಲ್ಲಿದೆ, ನಿಜ. ಆದರೆ ಆ ಲಾಭ ಎಷ್ಟೆಂಬುದನ್ನು ಸರ್ವೀಸಿನ ದರಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಳೆಯಬೇಕು.

ಬ್ಯಾಂಕಿನ ಮೇಜಿನ ಈಚೆಗೆ ಕುಳಿತವರಿಗೆ ಕಾಣುವ ಇನ್ನೊಂದು ಸಂಗತಿಯೂ ಉಂಟು. ಅನೇಕರು ಈ ಯೋಜನೆಯ ಮೊತ್ತವನ್ನೂ ಕಾರಿನ ಸಾಲದಲ್ಲಿಯೇ ಸೇರಿಸಿಬಿಡುತ್ತಾರೆ. ಉದಾಹರಣೆಗೆ, 36,000 ರೂಪಾಯಿಗೆ ಶೇಕಡಾ 9ರ ಬಡ್ಡಿಯಲ್ಲಿ 7 ವರ್ಷಗಳ ಅವಧಿಯಾದರೆ ತಿಂಗಳ ಕಂತು ಸುಮಾರು 580 ರೂಪಾಯಿ. ಒಟ್ಟು ಕಟ್ಟುವುದು 48,600 ರೂಪಾಯಿಗೂ ಮಿಕ್ಕು. ಯೋಜನೆಯು 5 ವರ್ಷಕ್ಕೆ ಮುಗಿದಿರುತ್ತದೆ, ಕಂತು ಮಾತ್ರ ಇನ್ನೂ 2 ವರ್ಷ ನಡೆಯುತ್ತದೆ. ಅದರಲ್ಲಿನ ವಾರಂಟಿ ವಿಸ್ತರಣೆಯಂತೂ ಮೂಲ ವಾರಂಟಿ ತೀರಿದ ಮೇಲಷ್ಟೇ ಆರಂಭವಾಗುತ್ತದೆ. 2024ರ ಜುಲೈನಲ್ಲಿ ಮಾರುತಿ ಸುಜುಕಿ ಸಂಸ್ಥೆಯು ತನ್ನ ಮೂಲ ವಾರಂಟಿಯನ್ನು 2 ವರ್ಷದಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿತು. ಇಂಥ ಕಾರಿಗೆ ಮೊದಲ ದಿನವೇ ವಿಸ್ತರಣೆಯನ್ನು ಕೊಂಡವರು ನಾಲ್ಕನೆಯ ವರ್ಷದ ರಕ್ಷಣೆಗೆ ಇಂದಿನಿಂದಲೇ ಬಡ್ಡಿ ತೆರುತ್ತಾರೆ. ಮೂಲ ವಾರಂಟಿ ಮುಗಿಯುವುದರೊಳಗೆ ಯಾವಾಗಲಾದರೂ ವಿಸ್ತರಿಸಿಕೊಳ್ಳಲು ಅನೇಕ ಕಂಪನಿಗಳು ಅವಕಾಶ ಕೊಡುತ್ತವೆ. ತಡಮಾಡಿದರೆ ಬೆಲೆ ಎಷ್ಟು ಏರುವುದೆಂದು ಕೇಳಿ, ಎರಡನ್ನೂ ತೂಗಿ ನೋಡುವುದು ಜಾಣತನ.

ಇನ್ನು ಬಳಕೆಯ ಪ್ರಶ್ನೆ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಕಚೇರಿಗೆ ಹೋಗಿ, ಭಾನುವಾರ ಮಾತ್ರ ಕಾರು ತೆಗೆಯುವ ಗೃಹಸ್ಥರು ವರ್ಷಕ್ಕೆ 4,000 ಕಿಲೋಮೀಟರು ಓಡಿಸಿದರೆ ಹೆಚ್ಚು. 5 ವರ್ಷ ಅಥವಾ 50,000 ಕಿಲೋಮೀಟರಿನ ಸರ್ವೀಸ್ ಯೋಜನೆಯನ್ನು ಕೊಂಡರೆ ಅವರು ಓಡಿಸದ 30,000 ಕಿಲೋಮೀಟರಿಗೂ ಹಣ ತೆತ್ತಂತಾಗುತ್ತದೆ. ಪುಣೆಯ ಹಿಂಜವಡಿಗೆ ದಿನವೂ ವಾಹನದಟ್ಟಣೆಯಲ್ಲಿ ಹೋಗಿಬರುವವರ ಲೆಕ್ಕವೇ ಬೇರೆ. ಅವರ ಕ್ಲಚ್ಚು, ಬ್ರೇಕುಗಳು ಬೇಗನೆ ಸವೆಯುತ್ತವೆ. ಸವೆಯುವ ಭಾಗಗಳನ್ನೂ ಒಳಗೊಂಡ ಯೋಜನೆಯಾದರೆ ಅದು ಅವರಿಗೆ ಲಾಭದಾಯಕವಾದೀತು. ಆದರೆ ಟೈರು, ಬ್ರೇಕ್ ಪ್ಯಾಡು, ಕ್ಲಚ್ ಇತ್ಯಾದಿಗಳನ್ನು ವಾರಂಟಿ ವಿಸ್ತರಣೆಯಿಂದ ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆಂಬುದನ್ನು ಮರೆಯಬಾರದು.

ಮಳೆಗಾಲದ ಮಾತನ್ನೂ ಹೇಳಲೇಬೇಕು. 2005ರ ಜುಲೈ 26ರ ಮುಂಬಯಿಯನ್ನೂ 2015ರ ಡಿಸೆಂಬರಿನ ಚೆನ್ನೈಯನ್ನೂ ಕಂಡವರಿಗೆ ನೀರಿನಲ್ಲಿ ಮುಳುಗಿದ ಕಾರುಗಳ ನೆನಪಿದ್ದೀತು. ನೀರು ನುಗ್ಗಿ ಎಂಜಿನ್ ಕೆಟ್ಟರೆ ಅದು ತಯಾರಿಕೆಯ ದೋಷವಲ್ಲವಾದ್ದರಿಂದ ವಾರಂಟಿ ವಿಸ್ತರಣೆಯು ನೆರವಿಗೆ ಬರುವುದಿಲ್ಲ. ಅದಕ್ಕೆ ವಿಮೆಯೊಡನೆ ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ. “ಎಲ್ಲವೂ ಸೇರಿದೆ” ಎಂಬುದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಏನೇನು ಸೇರಿಲ್ಲ ಎಂಬ ಪಟ್ಟಿಯನ್ನೇ ಮೊದಲು ಓದಬೇಕು.

ವಲಸೆಯ ಜೀವನ ನಡೆಸುವ ನಮಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಯೋಜನೆಯನ್ನು ಕೊಡುತ್ತಿರುವವರು ಯಾರು? ಕಾರು ತಯಾರಿಸಿದ ಕಂಪನಿಯದೇ ಆದರೆ ದೇಶದ ಯಾವ ಅಧಿಕೃತ ಕಾರ್ಯಾಗಾರದಲ್ಲಿಯೂ ನಡೆಯುವುದೆಂಬ ಭರವಸೆಯನ್ನು ಬರಹದಲ್ಲಿ ಪಡೆಯಬಹುದು. ಕೇವಲ ಮಾರಾಟಗಾರನ ಸ್ವಂತ ಯೋಜನೆಯಾದರೆ ಮುಂಬಯಿಯಿಂದ ಹೈದರಾಬಾದಿಗೆ ವರ್ಗವಾದ ದಿನವೇ ಅದು ಬರಿಯ ಕಾಗದವಾದೀತು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಊರಿಗೆ ಹೊರಟಾಗ ನಿಪ್ಪಾಣಿಯ ಬಳಿ ಗಾಡಿ ನಿಂತರೆ, ಪುಣೆಯ ಮಾರಾಟಗಾರನ ಹೊಣೆಗಾರಿಕೆಯಿಂದ ನಮಗೇನು ಪ್ರಯೋಜನ? ಕಾರನ್ನು ಮಾರಿದರೆ ಯೋಜನೆಯು ಹೊಸ ಮಾಲೀಕನಿಗೆ ವರ್ಗವಾಗುವುದೇ ಎಂಬುದನ್ನೂ ಕೇಳಬೇಕು.

ಕಾನೂನು ಗ್ರಾಹಕನನ್ನು ಕೈಬಿಟ್ಟಿಲ್ಲ. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದೆಂಬ ಸಾರಾಸಗಟು ಷರತ್ತನ್ನು ಹಾಕಕೂಡದೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಆದೇಶಿಸಿತ್ತು. ಕಂಪನಿಗಳು ಅದರ ಮೇಲೆ ಮೇಲ್ಮನವಿಗೂ ಹೋದವು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕಾರನ್ನು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ನಾವು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಆದರೆ ಸಕಾಲಕ್ಕೆ ಸರ್ವೀಸ್ ಮಾಡಿಸಿ, ರಸೀದಿಗಳನ್ನು ಜೋಪಾನವಾಗಿಟ್ಟವರಿಗೆ ಮಾತ್ರ ಈ ಹಕ್ಕು ಫಲಿಸುತ್ತದೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು. ಕಡಿಮೆ ಓಡಿಸುವವರು ಮುಂಗಡ ಸರ್ವೀಸ್ ಯೋಜನೆಯನ್ನು ಬಿಟ್ಟು, ತಿಂಗಳಿಗೆ 600 ರೂಪಾಯಿಯಂತೆ ವರ್ಷಾವಧಿಯ ಆವರ್ತ ಠೇವಣಿ ಇಡಲಿ. ವರ್ಷದ ಕೊನೆಗೆ 7,200 ರೂಪಾಯಿ ಬಡ್ಡಿ ಸಹಿತ ಕೈಗೆ ಬರುತ್ತದೆ. ಖರ್ಚಾಗದೆ ಉಳಿದುದು ಮನೆಯಲ್ಲಿಯೇ ಉಳಿಯುತ್ತದೆ. ಸ್ವಯಂಚಾಲಿತ ಗೇರಿನ, ಟರ್ಬೊ ಎಂಜಿನ್ನಿನ, ವಿದ್ಯುನ್ಮಾನ ಸಾಧನಗಳು ತುಂಬಿದ ಕಾರುಳ್ಳವರು, ಅದನ್ನು ಐದಾರು ವರ್ಷ ಇಟ್ಟುಕೊಳ್ಳುವುದಾದರೆ, ಕಂಪನಿಯದೇ ವಾರಂಟಿ ವಿಸ್ತರಣೆಯನ್ನು ಸಾಲದಲ್ಲಿ ಸೇರಿಸದೆ ನಗದಾಗಿ ಕೊಳ್ಳಲಿ. ಮೂರು ವರ್ಷದೊಳಗೆ ಕಾರು ಬದಲಿಸುವವರಿಗೆ ಎರಡೂ ಬೇಡ.

ಈ ಸಂಚಿಕೆಯಲ್ಲಿ ವೈದ್ಯಮಿತ್ರರು ಬರೆದಿರುವ ಆರೋಗ್ಯದ ಮಾತುಗಳು ಗಾಡಿಗೂ ಸಲ್ಲುತ್ತವೆ. ವಿಮೆಯ ಕಾಗದ ಕಪಾಟಿನಲ್ಲಿದ್ದ ಮಾತ್ರಕ್ಕೆ ರಕ್ತದೊತ್ತಡ ಇಳಿಯುವುದಿಲ್ಲ. ಹಾಗೆಯೇ ಯಾವ ಯೋಜನೆಯನ್ನು ಕೊಂಡರೂ, ಟೈರಿನ ಗಾಳಿ, ಆಯಿಲಿನ ಮಟ್ಟ, ಬ್ರೇಕಿನ ಸದ್ದು ಇವುಗಳ ಮೇಲೆ ಯಜಮಾನನ ಕಣ್ಣಿರಲೇಬೇಕು.