ಸೋತ ಮೇಲಿನ ವಕಾಲತ್ತು

ಶಾಸನಸಭೆಗಳಲ್ಲಿ ವಕೀಲರ ಸಂಖ್ಯೆ ಎದ್ದು ಕಾಣುವುದೇಕೆ ಎಂಬ ಪ್ರಶ್ನೆಗೆ, ಅವರು ಮಾತು ಬಲ್ಲವರು, ಕಾನೂನು ಬಲ್ಲವರು ಎಂಬುದೇ ವಾಡಿಕೆಯ ಉತ್ತರ. ಸ್ವತಃ ನ್ಯಾಯಶಾಸ್ತ್ರ ಓದಿದ್ದ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್, 1919ರಲ್ಲಿ ಮ್ಯೂನಿಕ್‌ನಲ್ಲಿ ರಾಜಕಾರಣವೆಂಬ ವೃತ್ತಿಯನ್ನು ಕುರಿತು ನೀಡಿದ ಉಪನ್ಯಾಸದಲ್ಲಿ ಈ ಉತ್ತರವನ್ನು ತಳ್ಳಿಹಾಕದೆ ಅದರ ಜೊತೆಗೆ ಇನ್ನೊಂದು ನೀರಸವಾದ ಕಾರಣವನ್ನೂ ಇಟ್ಟರು. ಅದು ಬಿಡುವಿನ ಕಾರಣ. ಕಾರ್ಖಾನೆಯ ಕಾರ್ಮಿಕನಾಗಲಿ, ಅದನ್ನು ನಡೆಸುವ ಒಡೆಯನಾಗಲಿ, ರೋಗಿಗಳಿಗೆ ಕಟ್ಟುಬಿದ್ದ ವೈದ್ಯನಾಗಲಿ ತಿಂಗಳುಗಟ್ಟಲೆ ಕೆಲಸ ಬಿಟ್ಟು ರಾಜಕೀಯಕ್ಕೆ ಹೋಗಲಾರರು. ವಕೀಲರಾದರೋ ಕಕ್ಷಿದಾರರ ಕಡತಗಳನ್ನು ಸಹೋದ್ಯೋಗಿಗಳಿಗೆ ಒಪ್ಪಿಸಿ ಹೋಗಬಲ್ಲರು, ಸೋತರೆ ಮರಳಿ ಕರಿಕೋಟು ತೊಡಬಲ್ಲರು.

ಕರ್ನಾಟಕದ ಮಟ್ಟಿಗೆ ಈ ವಿವರಣೆ ಬಹುಪಾಲು ಹೊಂದುತ್ತದೆ. ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ ಇವರೆಲ್ಲರೂ ವಕೀಲಿಯಿಂದಲೇ ರಾಜಕಾರಣಕ್ಕೆ ಬಂದವರು, ಕಾರ್ಕಳದ ಎಂ. ವೀರಪ್ಪ ಮೊಯಿಲಿ, ಮೈಸೂರಿನ ಸಿದ್ದರಾಮಯ್ಯ ಅವರವರೆಗೂ ಆ ದಾರಿ ಮುಚ್ಚಿಲ್ಲ. ವೇಬರ್ ಹೇಳಿದ ಬಿಡುವಿನ ಮಹತ್ವ ಮಾತ್ರ ಅದು ಇಲ್ಲದ ಕಡೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ದುಬೈ ಮತ್ತು ಶಾರ್ಜಾ ಎಮಿರೇಟ್‌ಗಳ ಗಡಿಯ ಎರಡೂ ಬದಿಗೆ ಹರಡಿರುವ ಅಲ್ ನಹ್ದಾದಂಥ ಬಡಾವಣೆಯಲ್ಲಿ ವಾಸಿಸುವ ಕರಾವಳಿಯ ಅಥವಾ ಕಾಸರಗೋಡಿನ ಕನ್ನಡಿಗ, ನೌಕರಿಗೆ ಅಂಟಿಕೊಂಡ ವೀಸಾದ ಮೇಲೆ ಅಲ್ಲಿರುವವನಾದ್ದರಿಂದ, ಊರಿನ ರಾಜಕಾರಣಕ್ಕೆ ಎಷ್ಟು ಹತ್ತಿರದಿಂದ ಕಿವಿಗೊಟ್ಟರೂ ಅದಕ್ಕೆ ದೇಹವನ್ನು ಒದಗಿಸಲಾರ. ಚುನಾವಣಾ ಕಾನೂನಿನ 2010ರ ತಿದ್ದುಪಡಿಯು ಅನಿವಾಸಿ ಭಾರತೀಯನ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿತಾದರೂ ಮತ ಹಾಕಬೇಕಾದರೆ ಪಾಸ್‌ಪೋರ್ಟ್ ಹಿಡಿದು ಸ್ವಂತ ಮತಗಟ್ಟೆಗೇ ಬರಬೇಕೆಂದು ಕೇಳಿತು; ಬದಲಿ ವ್ಯಕ್ತಿಯ ಮೂಲಕ ಮತ ಹಾಕಲು ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯನ್ನು ದಾಟಿ, ರಾಜ್ಯಸಭೆಯನ್ನು ದಾಟದೆ ಬಿದ್ದುಹೋಯಿತು. ಕಾನೂನು ಪದವಿ ಪಡೆದು ಅಲ್ಲಿಗೆ ಹೋದವನ ಸ್ಥಿತಿಯೂ ಭಿನ್ನವಲ್ಲ. ದುಬೈಯ ಸಾಮಾನ್ಯ ನ್ಯಾಯಾಲಯಗಳ ಭಾಷೆ ಅರಬ್ಬಿ, ಅಲ್ಲಿ ವಾದಿಸುವ ಹಕ್ಕು ಸಾಮಾನ್ಯವಾಗಿ ಆ ದೇಶದ ಪ್ರಜೆಗಳಿಗೆ ಮೀಸಲು. ಆದ್ದರಿಂದ ಅವನು ಕಚೇರಿಯಲ್ಲಿ ಕುಳಿತು ಕರಾರುಪತ್ರ ತಿದ್ದುವ ಕಾನೂನು ಸಲಹೆಗಾರನಾಗುತ್ತಾನೆ. ಓದು ಅದೇ ಇದ್ದರೂ ಸಾರ್ವಜನಿಕ ವೇದಿಕೆಯೂ ಬಿಡುವೂ ಇಲ್ಲವಾದಾಗ ಅದರಿಂದ ರಾಜಕಾರಣಿ ಹುಟ್ಟುವುದಿಲ್ಲ.

ಆದರೆ ವಕೀಲರು ರಾಜಕೀಯಕ್ಕೆ ಹೇಗೆ ಬರುತ್ತಾರೆ ಎಂಬುದು ತಿಳಿದ ಮಾತ್ರಕ್ಕೆ ಆ ವೃತ್ತಿ ರಾಜಕೀಯಕ್ಕೆ ಏನು ಕೊಡುತ್ತದೆ ಎಂಬುದು ತಿಳಿದಂತಾಗುವುದಿಲ್ಲ. ಭಾಷಣಕಲೆಯನ್ನು ಅದರ ಕೊಡುಗೆಯೆನ್ನಲಾಗದು, ಏಕೆಂದರೆ ಕೋರ್ಟಿನ ಮೆಟ್ಟಿಲು ಹತ್ತದ ವಾಗ್ಮಿಗಳು ಕನ್ನಡನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವಕೀಲನಿಗೆ ಸೋಲು ನಿತ್ಯದ ಅನುಭವ. ಕೆಳಗಿನ ನ್ಯಾಯಾಲಯದಲ್ಲಿ ಸೋತದ್ದನ್ನು ಅವನು ಅವಮಾನವೆಂದು ಬಗೆಯದೆ ಮೇಲ್ಮನವಿಗೆ ಯೋಗ್ಯವಾದ ಪ್ರಶ್ನೆಯನ್ನಾಗಿ ಕಡೆಯುತ್ತಾನೆ. ಈ ಅಭ್ಯಾಸದ ಬೆಲೆ ತಿಳಿಯುವುದು ಎಸ್.ಆರ್. ಬೊಮ್ಮಾಯಿಯವರ ಜೀವನದಲ್ಲಿ.

1924ರಲ್ಲಿ ಶಿಗ್ಗಾವಿ ಸೀಮೆಯ ಕಾರಡಗಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿ, ಎಂ.ಎನ್. ರಾಯ್ ಅವರ ವಿಚಾರಗಳಿಗೆ ಒಲಿದಿದ್ದ ಬೊಮ್ಮಾಯಿಯವರು 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು. ಆ ಅಧಿಕಾರ ಒಂಬತ್ತು ತಿಂಗಳೂ ಉಳಿಯಲಿಲ್ಲ. 1989ರ ಏಪ್ರಿಲ್‌ನಲ್ಲಿ ಶಾಸಕ ಕೆ.ಆರ್. ಮೊಲಕೇರಿಯವರು ಬೆಂಬಲ ಹಿಂತೆಗೆದ ಹತ್ತೊಂಬತ್ತು ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಮುಂದಿಟ್ಟರು. ಎರಡೇ ದಿನಗಳಲ್ಲಿ ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ ಎಂದು ಬರೆದರು. 27ಕ್ಕೆ ಅಧಿವೇಶನ ಗೊತ್ತಾಗಿತ್ತು, ಬೇಕಾದರೆ ಅದಕ್ಕೂ ಮುಂಚೆ ಸದನದಲ್ಲಿ ಬಹುಮತ ತೋರಿಸಲು ಮುಖ್ಯಮಂತ್ರಿ ಸಿದ್ಧರಿದ್ದರು. ಆದರೂ 21ರಂದು ಸರ್ಕಾರ ವಜಾ ಆಯಿತು. ಪಾಟೀಸವಾಲಿಗೆ ಒಳಗಾಗದ ಸಹಿಯನ್ನು ಸಾಕ್ಷ್ಯವೆಂದು ಯಾವ ಮುನ್ಸೀಫನೂ ಒಪ್ಪಲಾರ, ರಾಜಭವನ ಒಪ್ಪಿತು.

ಬೊಮ್ಮಾಯಿಯವರು ಹೈಕೋರ್ಟಿಗೆ ಹೋದರು, ಅಲ್ಲಿಯೂ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, 356ನೆಯ ವಿಧಿಯನ್ವಯದ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ನ್ಯಾಯಾಲಯದ ಪರಾಮರ್ಶೆಗೆ ಅತೀತವಲ್ಲವೆಂದೂ, ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ಸದನದಲ್ಲಿಯೇ ತೀರ್ಮಾನವಾಗಬೇಕೆಂದೂ ಹೇಳಿ, ಕರ್ನಾಟಕದ ವಜಾ ಸಂವಿಧಾನಬಾಹಿರವಾಗಿತ್ತೆಂದು ಸಾರಿತು. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದು ವರ್ಷಗಳಾಗಿದ್ದವು. ಗೆದ್ದ ಕಕ್ಷಿದಾರನಿಗೆ ಕುರ್ಚಿ ಮರಳಲಿಲ್ಲ. ಮುಂದೆ 1996ರಲ್ಲಿ ಅವರು ಕೇಂದ್ರದ ಮಾನವ ಸಂಪನ್ಮೂಲ ಸಚಿವರಾದದ್ದನ್ನು ಇಂದು ನೆನೆಯುವವರು ಕಡಿಮೆ, ಆದರೆ ಅವರ ಹೆಸರು ಹೊತ್ತ ಮೊಕದ್ದಮೆಯನ್ನು ಓದದೆ ಭಾರತದಲ್ಲಿ ಯಾರೂ ಕಾನೂನು ಪದವಿ ಮುಗಿಸುವುದಿಲ್ಲ.

ಸರ್ಕಾರವನ್ನು ಯಾರು, ಹೇಗೆ ಕೆಡಹಬಹುದು ಎಂಬ ಇದೇ ಸಮಸ್ಯೆಯನ್ನು ಜರ್ಮನಿಯ ವಕೀಲ ರಾಜಕಾರಣಿಗಳು ಮುಂಚಿತವಾಗಿಯೇ ಎದುರಿಸಿದ್ದರು. ನ್ಯಾಯಾಧೀಶರಾಗಿದ್ದು ರಾಜಕಾರಣಕ್ಕೆ ಬಂದ ಕಾರ್ಲೊ ಶ್ಮಿಡ್ ಮೊದಲಾದವರು ಸೇರಿ ರೂಪಿಸಿದ 1949ರ ಮೂಲಶಾಸನದ 67ನೆಯ ವಿಧಿಯಂತೆ, ಸಂಸತ್ತು ಹೊಸ ಚಾನ್ಸಲರರನ್ನು ಆರಿಸದೆ ಇದ್ದವರನ್ನು ಕೆಳಗಿಳಿಸುವಂತಿಲ್ಲ. ಸರ್ಕಾರವನ್ನು ಕೆಡಹುವವರು ಕಟ್ಟುವ ಹೊಣೆಯನ್ನೂ ಹೊರಬೇಕೆಂಬ ಈ ನಿಯಮ 1972ರಲ್ಲಿ ವಿಲ್ಲಿ ಬ್ರಾಂಟ್ ಅವರನ್ನು ಉಳಿಸಿತು, 1982ರಲ್ಲಿ ಹೆಲ್ಮುಟ್ ಶ್ಮಿಟ್ ಅವರನ್ನು ಇಳಿಸಿ ಹೆಲ್ಮುಟ್ ಕೋಲ್ ಅವರನ್ನು ಏರಿಸಿತು. ಅಲ್ಲಿ ಬರಹದಲ್ಲಿಯೇ ಇದ್ದ ರಕ್ಷಣೆಯನ್ನು ಇಲ್ಲಿ ಪದಚ್ಯುತನೊಬ್ಬ ಐದು ವರ್ಷ ಕಾದು ಗಳಿಸಬೇಕಾಯಿತು.

ಆಕ್ಷೇಪವೊಂದು ಉಳಿಯುತ್ತದೆ: ಕಾನೂನಿನ ಕಟ್ಟನ್ನು ಬಿಗಿಯುವ ಜಾಣ್ಮೆಯೇ ಅದರ ಸಂದುಗಳನ್ನೂ ಹುಡುಕಿ ಕೊಡುತ್ತದೆ. 2018ರ ಮೇ ತಿಂಗಳಲ್ಲಿ ಬಹುಮತ ತೋರಿಸಲು ಬಿ.ಎಸ್. ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟ ಹದಿನೈದು ದಿನಗಳನ್ನು ಸುಪ್ರೀಂ ಕೋರ್ಟ್ ಕಡಿತಗೊಳಿಸಿ 19ರಂದೇ ಸದನದ ಪರೀಕ್ಷೆ ನಡೆಯಲೆಂದಾಗ, ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಬೊಮ್ಮಾಯಿ ತೀರ್ಪು ಹುಟ್ಟಿದ ನೆಲದಲ್ಲಿಯೇ ಫಲ ಕೊಟ್ಟಿತ್ತು. ಅವರ ನಂತರ ಬಂದ ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ ಮರುವರ್ಷದ ಜುಲೈ 23ರಂದು 99ಕ್ಕೆ 105 ಮತಗಳಿಂದ ಬಿದ್ದದ್ದೂ ಸದನದಲ್ಲಿಯೇ, ನಿಯಮದಂತೆಯೇ. ಆದರೆ ಪಕ್ಷಾಂತರ ನಿಷೇಧ ಕಾಯ್ದೆಯ ಹಿಡಿತ ತಪ್ಪಿಸಲು ರಾಜೀನಾಮೆಯ ದಾರಿ ಹಿಡಿದ ಶಾಸಕರಲ್ಲಿ ಬಹಳಷ್ಟು ಮಂದಿ ಆ ಹೊತ್ತಿಗೆ ಮುಂಬೈಯಲ್ಲಿದ್ದರು. ಅನರ್ಹರೆಂದು ಘೋಷಿತರಾದ ಮೇಲೂ ಅವರಲ್ಲಿ ಹೆಚ್ಚಿನವರು ಡಿಸೆಂಬರ್‌ನ ಉಪಚುನಾವಣೆಯಲ್ಲಿ ಗೆದ್ದು ಬಂದರು.